ಮಲೆನಾಡಿನ ರಸ್ತೆಗೆ ಸ್ಪೋರ್ಟ್ಸ್ ಕಾರಿನ ಹೊಸ ಟೈರ್: ಆಯ್ಕೆಯಿಂದ ಫಿಟ್ಟಿಂಗ್‌ವರೆಗೆ

ಚಿಕ್ಕಮಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಈಗ ಅಪರೂಪದ ವಸ್ತುವೇನಲ್ಲ. ತೋಟದ ಮನೆಯ ಶೆಡ್ಡಿನಲ್ಲಿ ಜೀಪಿನ ಪಕ್ಕ ಒಂದು ಪೋರ್ಷೆ ಕೇಮನ್ನೋ, ಮಸ್ಟಾಂಗೋ ನಿಂತಿರುವುದುಂಟು. ಕಾರು ಕೊಳ್ಳುವಾಗ ತಿಂಗಳುಗಟ್ಟಲೆ ಲೆಕ್ಕ ಹಾಕುವವರು, ಟೈರ್ ಸವೆದಾಗ ಮಾತ್ರ ಅಂಗಡಿಯವರು ಹೇಳಿದ್ದನ್ನು ಹಾಕಿಸಿಕೊಂಡು ಬಂದುಬಿಡುತ್ತಾರೆ. ಮುನ್ನೂರು ನಾನೂರು ಕುದುರೆ ಶಕ್ತಿ ರಸ್ತೆಗೆ ತಾಗುವುದು ಅಂಗೈ ಅಗಲದ ನಾಲ್ಕು ಜಾಗಗಳಲ್ಲಿ ಮಾತ್ರ ಅನ್ನೋದು ಆಗ ನೆನಪಿರುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಇಂಥ ಟೈರುಗಳ ಬಗ್ಗೆ ಓದಲು ಸಿಗುವ ಸಲಹೆ ಹೆಚ್ಚಿನದು ಜರ್ಮನಿಯ ಹೆದ್ದಾರಿಗೋ ರೇಸ್ ಟ್ರ್ಯಾಕಿಗೋ ಹೊಂದುವಂಥದ್ದು. ನಮ್ಮ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಜಡಿಮಳೆ. ಅದೇ ಜಿಲ್ಲೆಯ ಕಡೂರಿನ ಕಡೆ ಹೋದರೆ ಒಣ ನೆಲ, ನೇರ ರಸ್ತೆ, ಬಿಸಿಲು. ಒಂದೇ ಟೈರ್ ಎರಡನ್ನೂ ತಾಳಬೇಕು. ನನ್ನ ಮಾತು ಇಷ್ಟೇ: ಇಲ್ಲಿ ಓಡಿಸುವ ಕಾರಿಗೆ ಒಣ ರಸ್ತೆಯ ಗ್ರಿಪ್‌ಗಿಂತ ಮೊದಲು ಮಳೆಯ ಗ್ರಿಪ್, ಸೈಡ್‌ವಾಲ್‌ನ (ಟೈರಿನ ಪಕ್ಕದ ಗೋಡೆಯ) ಎತ್ತರ, ಟೈರಿನ ವಯಸ್ಸು ನೋಡಿ. ಬ್ರ್ಯಾಂಡಿನ ಜಗಳ ಆಮೇಲೆ.

ಹೆಜ್ಜೆ 1: ಬದಲಿಸುವ ಕಾಲ ನಿಜವಾಗಿ ಬಂದಿದೆಯೇ ನೋಡಿ

ಟೈರ್ ರಸ್ತೆಗೆ ತಾಗುವ ಭಾಗವಾದ ಟ್ರೆಡ್‌ನ ಉದ್ದನೆಯ ಗ್ರೂವ್‌ಗಳ (ಕಾಲುವೆಗಳ) ಒಳಗೆ ಅಲ್ಲಲ್ಲಿ ಅಡ್ಡಲಾಗಿ ರಬ್ಬರಿನ ಸಣ್ಣ ದಿಣ್ಣೆ ಇರುತ್ತದೆ. ಟ್ರೆಡ್ ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಎಂದರ್ಥ. ಅದು ಕಾನೂನಿನ ಕೊನೆಯ ಗೆರೆ. ಮಲೆನಾಡಿನ ಮಳೆಗೆ ಆ ಗೆರೆ ತೀರಾ ತಡವಾಯಿತು. ಹೊಸ ಟೈರಿನಲ್ಲಿ 7-8 ಮಿ.ಮೀ. ಆಳ ಇರುತ್ತದೆ. 3 ಮಿ.ಮೀ.ಗೆ ಇಳಿದ ಮೇಲೆ ನೀರನ್ನು ಹೊರಹಾಕುವ ಶಕ್ತಿ ಬೇಗ ಕುಸಿಯುತ್ತದೆ. ಅದರಲ್ಲೂ ಅಗಲದ ಟೈರ್ ನೀರಿನ ಮೇಲೆ ತೇಲುವುದು ಜಾಸ್ತಿ. ಹಾಗಾಗಿ ಮೇ ತಿಂಗಳಲ್ಲಿ ಒಮ್ಮೆ ಅಳೆಯಿರಿ. 3 ಮಿ.ಮೀ. ಆಸುಪಾಸಿನಲ್ಲಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸಿ. ಟ್ರೆಡ್ ಅಳೆಯುವ ಗೇಜ್‌ಗೆ ಹೆಚ್ಚು ಬೆಲೆಯೇನಿಲ್ಲ, ಒಂದು ಇಟ್ಟುಕೊಳ್ಳಿ.

ಹೊರಗಿನಿಂದ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಸ್ಪೋರ್ಟ್ಸ್ ಕಾರುಗಳ ಚಕ್ರ ಮೇಲ್ಭಾಗದಲ್ಲಿ ಒಳಕ್ಕೆ ಸ್ವಲ್ಪ ವಾಲಿರುತ್ತದೆ. ತಿರುವಿನಲ್ಲಿ ಗ್ರಿಪ್ ಸಿಗಲಿ ಎಂದು ಕಾರ್ಖಾನೆಯಲ್ಲೇ ಹಾಗೆ ಕೂರಿಸಿರುತ್ತಾರೆ. ಅದರ ಫಲವಾಗಿ ಟೈರಿನ ಒಳಗಿನ ಅಂಚು ಮೊದಲು ಸವೆಯುತ್ತದೆ. ಹೊರ ಅಂಚು ಹೊಸದರಂತೆ ಕಾಣುತ್ತಿರುತ್ತದೆ, ಒಳಗೆ ನೋಡಿದರೆ ತಂತಿಯೇ ಹೊರಬಂದಿರಬಹುದು. ಮುಂದಿನ ಚಕ್ರವಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಇಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಹಿಂದಿನದಕ್ಕೆ ಮೊಬೈಲನ್ನು ಕಾರಿನ ಅಡಿಗೆ ಚಾಚಿ ಫೋಟೊ ತೆಗೆಯುವುದೇ ಸುಲಭ. ಆಮೇಲೆ ಅಂಗೈಯನ್ನು ಟ್ರೆಡ್ ಮೇಲೆ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ನಿಧಾನ ಎಳೆಯಿರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ಮುಂದಕ್ಕೆ ನೋಡುವ ಹೊಂದಿಕೆ, ಕೆಟ್ಟಿದೆ. ಅದನ್ನು ಸರಿ ಮಾಡದೆ ಹೊಸ ಟೈರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕೈ ಆಡಿಸುವ ಮೊದಲು ತಂತಿ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಬೆರಳು ಕೊಯ್ದುಕೊಂಡೀತು.

ಸೈಡ್‌ವಾಲ್‌ನಲ್ಲಿ ಎಲ್ಲಾದರೂ ಕಡಲೆಕಾಯಿಯಷ್ಟು ಊದಿಕೊಂಡಿದ್ದರೂ ಆ ಟೈರ್ ಮುಗಿಯಿತು. ಗುಂಡಿಗೆ ಬಿದ್ದ ಹೊಡೆತಕ್ಕೆ ಒಳಗಿನ ದಾರ ಹರಿದಿರುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಕೊನೆಗೆ ವಯಸ್ಸು. ಸೈಡ್‌ವಾಲ್‌ನಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಈ ಅಂಕಿ ಟೈರಿನ ಒಂದೇ ಮಗ್ಗುಲಲ್ಲಿ ಇರಬಹುದು, ಹೊರಗೆ ಕಾಣದಿದ್ದರೆ ಒಳಗಡೆ ಹುಡುಕಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆದುಹಾಕಿ ಎಂಬುದು ಮಿಶೆಲಿನ್‌ನಂಥ ಕಂಪನಿಗಳ ಸಲಹೆ. ವಾರಾಂತ್ಯಕ್ಕೆ ಮಾತ್ರ ಹೊರಬರುವ ಕಾರುಗಳಲ್ಲಿ ಟ್ರೆಡ್ ಹಾಗೇ ಉಳಿದು ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಶಕ್ತಿ ಜಾಸ್ತಿ ಇರುವ ಕಾರಿಗೆ ನಾನಂತೂ ಆರು ವರ್ಷಕ್ಕಿಂತ ಹಳೆಯದನ್ನು ಇಟ್ಟುಕೊಳ್ಳುವುದಿಲ್ಲ.

ಹೆಜ್ಜೆ 2: ಈಗಿರುವ ಟೈರಿನ ಮೇಲಿನ ಬರಹ ಓದಿ

ಪೋರ್ಷೆ 718 ಕೇಮನ್‌ನ ಮುಂದಿನ ಟೈರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ: 235/45 ಝಡ್‌ಆರ್ 18, 94 ವೈ. ಟೈರಿನ ಅಗಲ 235 ಮಿ.ಮೀ. ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ 45. ಝಡ್ ಹೆಚ್ಚು ವೇಗದ ಟೈರಿನ ಗುರುತು, ಆರ್ ಎಂದರೆ ರೇಡಿಯಲ್ ಕಟ್ಟು. ರಿಮ್ 18 ಇಂಚು. 94 ಎಂಬುದು ಹೊರುವ ಭಾರದ ಸೂಚಿ, ಅಂದರೆ ಒಂದು ಟೈರಿಗೆ 670 ಕೆ.ಜಿ. ಕೊನೆಯ ಅಕ್ಷರ ವೇಗದ ಮಿತಿ. ವಿ ಎಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯೂ 270, ವೈ 300. ವೈ ಅಕ್ಷರವನ್ನು ಭಾರದ ಸೂಚಿಯ ಸಮೇತ ಆವರಣದೊಳಗೆ ಬರೆದಿದ್ದರೆ 300ಕ್ಕೂ ಮೇಲೆ.

‘ಕೈಮರ ದಾಟಿದ ಮೇಲೆ ಅರವತ್ತು ಹೋಗುವುದೇ ಕಷ್ಟ, ವೈ ಯಾಕೆ ಬೇಕು?’ ಅಂತ ಕೇಳುವವರಿದ್ದಾರೆ. ವೇಗದ ಅಕ್ಷರ ಬರೀ ವೇಗದ ಮಾತಲ್ಲ. ಟೈರ್ ಎಷ್ಟು ಬಿಸಿ ತಾಳುತ್ತದೆ ಎಂಬುದೂ ಅದರಲ್ಲಿ ಅಡಗಿದೆ. ಮೇಲಿನ ದರ್ಜೆಯ ಟೈರುಗಳ ಕಟ್ಟೂ ಸಾಮಾನ್ಯವಾಗಿ ಬಿಗಿ. ಕಾರಿನ ಸಸ್ಪೆನ್ಷನ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲವನ್ನೂ ಅಂಥ ಟೈರಿಗೆ ಹೊಂದಿಸಿರುತ್ತಾರೆ. ಭಾರದ ಸೂಚಿ, ವೇಗದ ಅಕ್ಷರ ಎರಡರಲ್ಲೂ ಕಾರಿನ ಮ್ಯಾನುಯಲ್ ಹೇಳಿದ್ದಕ್ಕಿಂತ ಕೆಳಗೆ ಇಳಿಯಬೇಡಿ. ಅಪಘಾತವಾಗಿ ವಿಮೆಯ ಸರ್ವೇಯರ್ ಬಂದಾಗ ಇದೇ ಒಂದು ತಕರಾರು ಆಗಬಾರದು.

ಮುಂದೆ ಹಿಂದೆ ಬೇರೆ ಸೈಜ್ ಇದೆಯೇ ನೋಡಿ. ಕೇಮನ್‌ನಲ್ಲಿ ಹಿಂದಿನದು 265/45. ಕಾರು ಕಂಪನಿಯ ಗುರುತು ಇದೆಯೇ ಅಂತಲೂ ನೋಡಿ. ಪೋರ್ಷೆಗೆಂದು ಒಪ್ಪಿಗೆಯಾದ ಟೈರಿನ ಮೇಲೆ ಎನ್0, ಎನ್1 ಎಂದಿರುತ್ತದೆ. ಬಿಎಂಡಬ್ಲ್ಯೂಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಔಡಿಗೆ ಎಒ. ಒಂದೇ ಹೆಸರಿನ ಟೈರಾದರೂ ಗುರುತು ಇರುವುದು, ಇಲ್ಲದ್ದು ಒಳಗೆ ಬೇರೆ ಬೇರೆ ಇರಬಹುದು. ಗುರುತು ಇಲ್ಲದ್ದು ಹಾಕಲೇಬಾರದು ಅಂತೇನಿಲ್ಲ. ಆದರೆ ಹಾಕುವುದಾದರೆ ನಾಲ್ಕೂ ಹಾಗೇ ಹಾಕಿ. ವಾರಂಟಿ ಇರುವ ಕಾರಾದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳಿ.

ಹೆಜ್ಜೆ 3: ಯಾವ ಬಗೆಯ ಟೈರ್ ಎಂದು ತೀರ್ಮಾನಿಸಿ

ಇಲ್ಲಿ ಆತುರ ಬೇಡ. ಈ ಕಾರುಗಳಿಗೆ ಸಿಗುವ ಟೈರುಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಒಂದು, ರಸ್ತೆಗೆಂದೇ ಮಾಡಿದ ಹೈ ಪರ್ಫಾರ್ಮೆನ್ಸ್ ಟೈರ್. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಪೈಲಟ್ ಸ್ಪೋರ್ಟ್ 5, ಪಿರೆಲ್ಲಿ ಪಿ ಝೀರೋ, ಗುಡ್‌ಇಯರ್ ಈಗಲ್ ಎಫ್1 ಈ ಸಾಲಿನವು. ಎರಡನೆಯದು, ಟ್ರ್ಯಾಕಿಗೆ ಹತ್ತಿರದ ಸೆಮಿ ಸ್ಲಿಕ್, ಉದಾಹರಣೆಗೆ ಪೈಲಟ್ ಸ್ಪೋರ್ಟ್ ಕಪ್ 2.

ಕಪ್ 2 ಥರದ ಟೈರ್ ಕಾದ ಮೇಲೆ ಅಂಟಿನಂತೆ ಹಿಡಿಯುತ್ತದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಚೆನ್ನೈ ಟ್ರ್ಯಾಕಿನಲ್ಲೋ ಆಗಾಗ ಓಡಿಸುವವರಿಗೆ ಅದು ಸರಿ. ಆದರೆ ಅದರಲ್ಲಿ ಗ್ರೂವ್ ಕಡಿಮೆ, ಆಳವೂ ಕಡಿಮೆ. ಜುಲೈನ ಒಂದು ಬೆಳಿಗ್ಗೆ ಚಾರ್ಮಾಡಿ ಘಾಟಿಯನ್ನು ನೆನಪಿಸಿಕೊಳ್ಳಿ. ಗುಡ್ಡದ ಕಡೆಯಿಂದ ರಸ್ತೆಗೆ ಅಡ್ಡಲಾಗಿ ನೀರು ಹರಿಯುತ್ತಿರುತ್ತದೆ. ಜೊತೆಗೆ ಕೆಂಪು ಮಣ್ಣು, ಮಂಜು. ಟೈರ್ ಬಿಸಿಯಾಗುವ ಮಾತೇ ಇಲ್ಲ. ಅಂಥ ಕಡೆ ಸೆಮಿ ಸ್ಲಿಕ್‌ಗಿಂತ ಸಾಮಾನ್ಯ ಕಾರಿನ ಒಳ್ಳೆ ಟೈರೇ ವಾಸಿ. ನಮ್ಮೂರ ರ‍್ಯಾಲಿಗಳನ್ನು ನೋಡಿ ಆಸೆ ಹುಟ್ಟಿದವರಿಗೂ ಒಂದು ಮಾತು: ತೋಟದ ಮಣ್ಣಿನ ದಾರಿಯಲ್ಲಿ ಹಾರುವ ರ‍್ಯಾಲಿ ಕಾರಿನ ಟೈರೇ ಬೇರೆ, ಅದನ್ನು ಡಾಂಬರಿಗೆ ತರಬೇಡಿ.

ಹೈ ಪರ್ಫಾರ್ಮೆನ್ಸ್ ಗುಂಪಿನೊಳಗೆ ಆರಿಸುವಾಗ ಯುರೋಪಿನ ಲೇಬಲ್ ನೋಡಿ. ಒದ್ದೆ ರಸ್ತೆಯ ಗ್ರಿಪ್‌ಗೆ ಎ ಇಂದ ಇ ವರೆಗೆ ದರ್ಜೆ ಕೊಟ್ಟಿರುತ್ತಾರೆ. ನಮಗೆ ಎ ದರ್ಜೆಯದೇ ಬೇಕು. ಇಂಧನದ ದರ್ಜೆ ಸಿ ಆದರೂ ಪರವಾಗಿಲ್ಲ, ಕೇಮನ್ ಇಟ್ಟುಕೊಂಡವರು ಮೈಲೇಜ್ ಲೆಕ್ಕ ಹಾಕುವುದುಂಟೇ? ಟ್ರೆಡ್‌ವೇರ್ ಎಂಬ ಅಂಕಿಯೂ ಟೈರ್ ಮೇಲೆಯೇ ಇರುತ್ತದೆ. ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಕಪ್ 2ಗೆ 180. ಅಂಕಿ ಜಾಸ್ತಿ ಇದ್ದಷ್ಟೂ ಬಾಳಿಕೆ ಜಾಸ್ತಿ. ಆದರೆ ಈ ಅಂಕಿಯನ್ನು ಕಂಪನಿಯವರೇ ಕೊಟ್ಟುಕೊಳ್ಳುವುದು. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಮಾತ್ರ ಬಳಸಿ.

ಚಳಿಗಾಲದ ಟೈರ್ ನಮಗೆ ಬೇಡ. ಬೇಸಿಗೆ ಟೈರಿನ ರಬ್ಬರ್ ಬಿಗಿಯಾಗುವುದು ಸುಮಾರು 7 ಡಿಗ್ರಿಗಿಂತ ಕೆಳಗೆ. ಡಿಸೆಂಬರ್ ಬೆಳಗಿನ ಚಳಿಯಲ್ಲೂ ನಮ್ಮ ರಸ್ತೆಗಳು ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಮೊದಲ ಕೆಲವು ಕಿ.ಮೀ. ಮೆಲ್ಲಗೆ ಹೋದರೆ ಸಾಕು. ಸಿಲ್ವರ್ ಓಕ್ ಎಲೆ ಉದುರಿ ಇಬ್ಬನಿಗೆ ಒದ್ದೆಯಾದ ತಿರುವಿನಲ್ಲಿ ಮಾತ್ರ ಯಾವ ಬೆಲೆಯ ಟೈರೂ ಜಾರುತ್ತದೆ.

ಹೆಜ್ಜೆ 4: ರಿಮ್ ಸೈಜ್ ಬಗ್ಗೆ ಮತ್ತೊಮ್ಮೆ ಯೋಚಿಸಿ

ಟೈರ್ ಬದಲಿಸುವ ಹೊತ್ತು ಎಂದರೆ ರಿಮ್ ಇಳಿಸುವ ಅವಕಾಶವೂ ಹೌದು. ನನ್ನ ಪ್ರಕಾರ ಮಲೆನಾಡಿನಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ.

718 ಕೇಮನ್‌ಗೆ 18, 19, 20 ಇಂಚಿನ ಚಕ್ರಗಳನ್ನು ಕಂಪನಿಯೇ ಕೊಡುತ್ತಿತ್ತು. ಮುಂದಿನ ಟೈರುಗಳ ಲೆಕ್ಕ ನೋಡಿ. 18 ಇಂಚಿನಲ್ಲಿ 235/45. 235ರ ಶೇ 45 ಅಂದರೆ ಸೈಡ್‌ವಾಲ್ 105.75 ಮಿ.ಮೀ. 20 ಇಂಚಿನಲ್ಲಿ 235/35. ಸೈಡ್‌ವಾಲ್ 82.25 ಮಿ.ಮೀ. ಗುಂಡಿಯ ಅಂಚಿಗೂ ಅಲಾಯ್ ರಿಮ್ಮಿಗೂ ನಡುವೆ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ರಬ್ಬರ್ ಕಡಿಮೆಯಾಯಿತು. ಇನ್ನು ಚಕ್ರದ ಒಟ್ಟು ಎತ್ತರ: ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ ರಿಮ್ಮಿನ ಅಳತೆಗೆ ಎರಡು ಸೈಡ್‌ವಾಲ್ ಕೂಡಿಸಿ. ಮೊದಲನೆಯದು 668.7, ಎರಡನೆಯದು 672.5. ವ್ಯತ್ಯಾಸ ನಾಲ್ಕು ಮಿ.ಮೀ. ಕೂಡ ಇಲ್ಲ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಎಬಿಎಸ್‌ಗೂ ಗೊಂದಲವಿಲ್ಲ. ಆದರೆ ಆಲ್ದೂರು, ಬಾಳೆಹೊನ್ನೂರಿನ ದಾರಿಯಲ್ಲಿ ಮಳೆಗಾಲ ಮುಗಿದ ಮೇಲೆ ಕಾಣುವ ಗುಂಡಿಗಳಿಗೆ ಆ ಎರಡು ಸೆಂಟಿಮೀಟರ್ ದೊಡ್ಡ ಮಾತು.

20 ಇಂಚು ನೋಡಲು ಚಂದ, ಒಪ್ಪುತ್ತೇನೆ. ಬೆಂಗಳೂರಿಗೆ ಹೋಗಿಬರಲು ಮಾತ್ರ ಕಾರು ತೆಗೆಯುವವರು ಹಾಗೇ ಇರಲಿ. ಘಾಟಿಯಲ್ಲಿ ಓಡಿಸುವವರು 18 ಅಥವಾ 19ಕ್ಕೆ ಇಳಿಯಿರಿ. ಒಂದೇ ಷರತ್ತು, ನಿಮ್ಮ ಮಾಡೆಲ್ಲಿನ ಬ್ರೇಕ್ ಕ್ಯಾಲಿಪರ್ ಚಿಕ್ಕ ರಿಮ್ಮಿನೊಳಗೆ ಕೂರಬೇಕು. ದೊಡ್ಡ ಬ್ರೇಕ್ ಇರುವ ಮಾಡೆಲ್‌ಗಳಲ್ಲಿ ಕೂರದೆ ಇರಬಹುದು. ರಿಮ್ಮಿನ ಅಗಲ, ಆಫ್‌ಸೆಟ್ (ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಅಳತೆ) ಕಂಪನಿ ಹೇಳಿದ್ದೇ ಇರಲಿ. ನಿಮ್ಮದು ಬೇರೆ ಕಾರಾದರೆ ಇದೇ ಲೆಕ್ಕ ಹಾಕಿ, ಮ್ಯಾನುಯಲ್‌ನಲ್ಲಿ ಒಪ್ಪಿಗೆಯಿರುವ ಸೈಜಿನೊಳಗೇ ಆರಿಸಿ.

ಹೆಜ್ಜೆ 5: ರನ್‌ಫ್ಲಾಟ್ ಬೇಕೇ?

ಬಿಎಂಡಬ್ಲ್ಯೂನ ಹಲವು ಕಾರುಗಳಲ್ಲಿ ಮೊದಲಿನಿಂದ ಇರುವುದು ರನ್‌ಫ್ಲಾಟ್. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಓಡಿಸಬಹುದು. ಸೈಡ್‌ವಾಲ್ ಗಟ್ಟಿ, ಹಾಗಾಗಿ ಕುಲುಕಾಟ ಜಾಸ್ತಿ, ಬೆಲೆಯೂ ಜಾಸ್ತಿ. ಇದನ್ನು ತೆಗೆದು ಸಾದಾ ಟೈರ್ ಹಾಕಿದರೆ ಕಾರು ಬೇರೆಯೇ ಆಗುತ್ತದೆ ಎನ್ನುವವರು ಬಹಳ. ನಿಜ.

ಆದರೂ ನೀವು ಯಾವ ಹೊತ್ತಿನಲ್ಲಿ ಎಲ್ಲಿ ಓಡಾಡುತ್ತೀರಿ ನೋಡಿ. ಈ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ. ಕುದುರೆಮುಖದ ಕಾಡಿನ ದಾರಿಯಲ್ಲಿ ಸಂಜೆ ಟೈರ್ ಹೋದರೆ ನೆಟ್‌ವರ್ಕ್ ಸಿಗುತ್ತದೆ ಎಂಬ ಭರವಸೆ ಇಲ್ಲ, ನಿಲ್ಲಿಸಲು ಜಾಗವೂ ಇಲ್ಲ. ಮನೆಯವರೂ ಅದೇ ಕಾರು ಓಡಿಸುವುದಾದರೆ ರನ್‌ಫ್ಲಾಟ್ ಇರಲಿ. ಸಾದಾ ಟೈರ್‌ಗೆ ಹೋಗುವುದಾದರೆ ಗಾಳಿ ತುಂಬುವ ಪಂಪ್, ಪಂಚರ್ ಕಿಟ್, ಟಾರ್ಚ್ ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡಿ. ಕಿಟ್‌ನ ದ್ರವಕ್ಕೂ ಬಾಳಿಕೆಯ ದಿನಾಂಕ ಇರುತ್ತದೆ. ಒಂದು ಚಕ್ರ ರನ್‌ಫ್ಲಾಟ್, ಇನ್ನೊಂದು ಸಾದಾ ಅಂತ ಬೆರೆಸುವುದು ಬೇಡವೇ ಬೇಡ.

ಹೆಜ್ಜೆ 6: ಎರಡೋ, ನಾಲ್ಕೋ?

ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಹಿಂದಿನ ಟೈರ್ ಬೇಗ ಸವೆಯುತ್ತದೆ. ಮುಂದಿನವು ಚೆನ್ನಾಗಿದ್ದರೆ ಹಿಂದಿನ ಜೋಡಿ ಮಾತ್ರ ಬದಲಿಸಬಹುದು, ಅದೇ ಕಂಪನಿಯ ಅದೇ ಮಾಡೆಲ್ ಸಿಗಬೇಕು ಅಷ್ಟೆ. ಒಂದೇ ಟೈರ್ ಬದಲಿಸಬೇಡಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮುಂದೆ ಹಿಂದಿನ ಟ್ರೆಡ್ ಆಳದ ವ್ಯತ್ಯಾಸಕ್ಕೆ ಮ್ಯಾನುಯಲ್‌ನಲ್ಲಿ ಮಿತಿ ಹೇಳಿರುತ್ತಾರೆ. ಮೀರಿದರೆ ಗೇರ್‌ಬಾಕ್ಸ್ ಕಡೆಯ ಭಾಗಗಳಿಗೆ ಪೆಟ್ಟು. ಅಲ್ಲಿ ನಾಲ್ಕೂ ಒಟ್ಟಿಗೆ.

ಹೆಜ್ಜೆ 7: ಕೊಳ್ಳುವುದು

ಚಿಕ್ಕಮಗಳೂರು, ಹಾಸನದ ಅಂಗಡಿಗಳಲ್ಲಿ ಇನೋವಾ, ಥಾರ್‌ಗಳ ಟೈರ್ ರಾಶಿ ಬಿದ್ದಿರುತ್ತದೆ. 265/40 ಆರ್ 19 ಕೇಳಿದರೆ ಬೆಂಗಳೂರಿಗೋ ಮಂಗಳೂರಿಗೋ ಫೋನ್ ಮಾಡಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದರೆ ತರಿಸಲು ಲೈಸೆನ್ಸ್ ಬೇಕು. ಹಾಗಾಗಿ ಅಪರೂಪದ ಸೈಜ್ ಬೇಕೆಂದ ದಿನ ಸಿಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಕೆಲಸ ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಹೊತ್ತಿಗೇ ಹುಡುಕಲು ಶುರು ಮಾಡಿ. ಆಗ ಮೇ ಒಳಗೆ ಟೈರ್ ಕಾರಿಗೆ ಬಂದಿರುತ್ತದೆ.

ಫೋನಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ:

‘ಸರ್, ನೀವು ಕೇಳಿದ ಸೈಜ್ ಬರೋಕೆ ಟೈಮ್ ಆಗುತ್ತೆ. ಅದಕ್ಕಿಂತ ಒಂದು ಸೈಜ್ ದೊಡ್ಡದಿದೆ, ಏನೂ ಆಗಲ್ಲ, ಕಳಿಸಿಬಿಡ್ಲಾ?’

‘ಬೇಡ ಅಣ್ಣ, ಕಾಯ್ತೀನಿ. ಬಂದಾಗ ಡೇಟ್ ಇರೋ ಕಡೆದು ಒಂದು ಫೋಟೊ ಹಾಕಿ, ನಾಲ್ಕರದ್ದೂ.’

ನಾಲ್ಕರದ್ದೂ ಅನ್ನೋದು ಮುಖ್ಯ. ಮೂರು ಹೊಸದು, ಒಂದು ಎರಡು ವರ್ಷದ ಹಳೆ ಸ್ಟಾಕ್ ಬರುವುದುಂಟು. ಒಂದು ವರ್ಷದ ಒಳಗಿನದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಎರಡು ವರ್ಷ ದಾಟಿದ್ದರೆ ನಾನು ಬೇಡ ಅನ್ನುತ್ತೇನೆ, ರಿಯಾಯಿತಿ ಕೊಟ್ಟರೂ. ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ, ಬಿಲ್ ಕೊಡದ ‘ಹೊರಗಿನ ಮಾಲು’ ಬೇಡ. ವಾರಂಟಿ ಕೇಳಲು ಯಾರೂ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂತೂ ಮಾತೇ ಬೇಡ, ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಹೆಜ್ಜೆ 8: ಫಿಟ್ಟಿಂಗ್

ಒಳ್ಳೆ ಟೈರನ್ನು ಕೆಟ್ಟ ಕೈಯಲ್ಲಿ ಹಾಕಿಸಿದರೆ ರಿಮ್ ಗೀರುತ್ತದೆ, ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು, ಅಂದರೆ ಬೀಡ್, ಹರಿಯುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಲೀವರ್ ಬಳಸದ, ತಗ್ಗು ಸೈಡ್‌ವಾಲ್‌ಗೆ ಸಹಾಯಕ ತೋಳಿರುವ ಮೆಷಿನ್ ಇದೆಯೇ? ತಗ್ಗಿನ ಕಾರು ಹತ್ತುವಂಥ ರ‍್ಯಾಂಪ್ ಇದೆಯೇ? ಬೋಲ್ಟನ್ನು ಅಳತೆಯಷ್ಟೇ ಬಿಗಿಯುವ ಟಾರ್ಕ್ ರೆಂಚ್ ಇದೆಯೇ? ಮೂರರಲ್ಲಿ ಒಂದಿಲ್ಲದಿದ್ದರೂ ಬಿಡಿ ಚಕ್ರಗಳನ್ನು ಜೀಪಿನಲ್ಲಿ ಹಾಕಿಕೊಂಡು ಬೇರೆ ಊರಿಗೆ ಹೋಗಿ.

ಅಲ್ಲಿ ನಿಂತು ನೋಡಿ, ಸಂಕೋಚ ಬೇಡ. ಜ್ಯಾಕ್ ಕೊಡುವ ಜಾಗ ನೀವೇ ತೋರಿಸಿ. ವಾಲ್ವ್ ಹಿಂದೆ ಪ್ರೆಶರ್ ಸೆನ್ಸರ್ ಇದೆ ಎಂದು ಮೊದಲೇ ಹೇಳಿ, ಬೀಡ್ ಒಡೆಯುವಾಗ ಮುರಿಯುವುದು ಅದೇ. ಟೈರ್ ಮೇಲೆ ‘ಔಟ್‌ಸೈಡ್’ ಎಂದಿರುವ ಮಗ್ಗುಲು ಹೊರಗೇ ಬರಬೇಕು. ಬಾಣದ ಗುರುತು ಇದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಮಳೆಯ ನೀರು ಹೊರಹೋಗುವುದು ಆ ದಿಕ್ಕಿನ ಮೇಲೆ ನಿಂತಿದೆ. ಬೋಲ್ಟನ್ನು ಇಂಪ್ಯಾಕ್ಟ್ ಗನ್ನಿನಲ್ಲಿ ಕೊನೆತನಕ ಬಿಗಿಯಲು ಬಿಡಬೇಡಿ. ಕಡೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ ಹೇಳಿದಷ್ಟೇ. ಬ್ಯಾಲೆನ್ಸಿಂಗ್, ನಾಲ್ಕು ಚಕ್ರದ ಅಲೈನ್‌ಮೆಂಟ್ ಅದೇ ದಿನ ಮುಗಿಸಿ, ಪ್ರಿಂಟ್ ಇಸಿದುಕೊಳ್ಳಿ.

ಹೆಜ್ಜೆ 9: ಗಾಳಿ, ಮತ್ತು ಮೊದಲ 300 ಕಿ.ಮೀ.

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡೂ ಅಂಟಿರುತ್ತದೆ. ಮೊದಲ 300 ಕಿ.ಮೀ. ತನಕ ಜೋರು ಬ್ರೇಕ್, ತಿರುವಿನಲ್ಲಿ ಆಕ್ಸಲರೇಟರ್ ಒತ್ತುವುದು ಬೇಡ. ಕಡೂರು ಕಡೆಯ ಒಣ ರಸ್ತೆ ಇದಕ್ಕೆ ಒಳ್ಳೆಯದು, ಘಾಟಿ ಆಮೇಲೆ.

ಗಾಳಿ ಎಷ್ಟಿರಬೇಕು ಎಂಬುದು ಬಾಗಿಲಿನ ಚೌಕಟ್ಟಿನ ಮೇಲಿನ ಸ್ಟಿಕ್ಕರಿನಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿ. ನೈಟ್ರೋಜನ್ ಹಾಕಿಸಿದರೆ ಒಳ್ಳೆಯದೇ, ಹಾಕಿಸದಿದ್ದರೂ ನಷ್ಟವಿಲ್ಲ. ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ನೈಟ್ರೋಜನ್ ಹಾಕಿಸಿದ ಲಾಭ ಹೆಚ್ಚಾಗಿ ಅದರಲ್ಲಿ ತೇವ ಇಲ್ಲದಿರುವುದರಲ್ಲಿ.

ನಮ್ಮಂಥ ಊರಿನಲ್ಲಿ ಒಂದು ತಮಾಷೆ ಕಾಣುತ್ತದೆ. ಮಂಗಳೂರಿನಲ್ಲಿ ಗಾಳಿ ಸರಿ ಮಾಡಿಕೊಂಡು ಚಿಕ್ಕಮಗಳೂರಿಗೆ ಹತ್ತಿದರೆ ಸುಮಾರು ಸಾವಿರ ಮೀಟರ್ ಮೇಲೆ ಬಂದಿರುತ್ತೀರಿ. ಹೊರಗಿನ ವಾಯುಭಾರ ಕಡಿಮೆಯಾಗುವುದರಿಂದ ಗೇಜ್ ಒಂದೂವರೆ ಪಿಎಸ್‌ಐಯಷ್ಟು ಜಾಸ್ತಿ ತೋರಿಸಬೇಕು. ಅದೇ ಹೊತ್ತಿಗೆ ಇಲ್ಲಿ ಹತ್ತು ಡಿಗ್ರಿ ತಂಪಿದ್ದರೆ ಅಷ್ಟೇ ಇಳಿಯುತ್ತದೆ. ಎರಡೂ ಸರಿಹೋಗಿ ಸೆನ್ಸರಿನಲ್ಲಿ ಹೆಚ್ಚು ಬದಲಾವಣೆಯೇ ಕಾಣದಿರಬಹುದು. ಹಾಗಂತ ಸುಮ್ನೆ ಬಿಡಬೇಡಿ, ಮಾರನೆಯ ಬೆಳಿಗ್ಗೆ ಇಲ್ಲಿನ ತಣ್ಣನೆ ಟೈರಿಗೆ ಮತ್ತೆ ಹೊಂದಿಸಿ.

ಟ್ರೆಡ್‌ನಲ್ಲಿ ಮೊಳೆ ಚುಚ್ಚಿದರೆ ಹೊರಗಿನಿಂದ ದಾರ ತುರುಕಿಸಿ ಮರೆತುಬಿಡಬೇಡಿ, ಅದು ಮನೆ ಸೇರಲು ಮಾತ್ರ. ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿ. ಸೈಡ್‌ವಾಲ್‌ಗೆ ಚುಚ್ಚಿದ್ದರೆ ಹೊಸದೇ ಗತಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರು ಶೆಡ್ಡಿನಲ್ಲೇ ನಿಲ್ಲುವುದಾದರೆ ಮ್ಯಾನುಯಲ್ ಒಪ್ಪುವಷ್ಟು ಗಾಳಿ ಏರಿಸಿ, ವಾರ ಹದಿನೈದು ದಿನಕ್ಕೊಮ್ಮೆ ಕಣದಲ್ಲಿ ಮುಂದೆ ಹಿಂದೆ ಮಾಡಿ. ಇಲ್ಲದಿದ್ದರೆ ನಿಂತ ಕಡೆಯೇ ಟೈರ್ ಚಪ್ಪಟೆಯಾಗಿ, ಅಕ್ಟೋಬರ್‌ನಲ್ಲಿ ಹೊರತೆಗೆದಾಗ ಸ್ಟೀರಿಂಗ್ ನಡುಗುತ್ತದೆ. ಮತ್ತೆ ಗಾಳಿಯನ್ನು ಸ್ಟಿಕ್ಕರಿನ ಮಟ್ಟಕ್ಕೆ ಇಳಿಸಿಯೇ ರಸ್ತೆಗೆ ತನ್ನಿ.